ಗಿರಣಿಯೂರಿನ ಗುಜರಿ ಜಾಣ್ಮೆ

ಮಗ್ಗದ ಪಕ್ಕ ನಿಂತ ಸಿಬ್ಬಂದಿಯಾಕೆ ಮೊದಲೇ ಎಚ್ಚರಿಸುತ್ತಾರೆ, ಪುಟ್ಟ ಮಕ್ಕಳಿದ್ದರೆ ಕಿವಿ ಮುಚ್ಚಿಬಿಡಿ ಎಂದು. ನೆರೆದವರು ನಕ್ಕು ಸುಮ್ಮನಾಗುತ್ತಾರೆ. ಆಕೆ ಹಿಡಿಕೆ ಎಳೆದದ್ದೇ ತಡ, ಲಾಳಿ ಈ ತುದಿಯಿಂದ ಆ ತುದಿಗೆ ಚಿಮ್ಮುತ್ತದೆ, ಹಣಿಗೆ ಬಂದು ಹೊಕ್ಕನ್ನು ಬಡಿಯುತ್ತದೆ, ಲಾಳಿ ಮರಳಿ ಚಿಮ್ಮುತ್ತದೆ, ಮತ್ತೆ ಬಡಿತ. ಕಾಲ ಕೆಳಗಿನ ನೆಲ ಅದುರುತ್ತದೆ. ಮಕ್ಕಳ ಕಿವಿ ಮುಚ್ಚಿದ ಅಮ್ಮಂದಿರು ತಮ್ಮ ಕಿವಿಗೆ ಕೈ ಸಾಲದೆ ಮುಖ ಹಿಂಡುತ್ತಾರೆ. ನಿಲ್ಲಿಸಿದಾಗ ಇಡೀ ಕೋಣೆ ಒಮ್ಮೆ ಉಸಿರು ಬಿಡುತ್ತದೆ.

ಅದು ಒಂದೇ ಮಗ್ಗ. ಇಂಗ್ಲೆಂಡಿನ ಲ್ಯಾಂಕಾಶೈರ್ ಸೀಮೆಯ ನೇಯ್ಗೆ ಶೆಡ್ಡುಗಳಲ್ಲಿ ಇಂಥವು ನೂರಾರು ಒಟ್ಟಿಗೆ ಬಡಿಯುತ್ತಿದ್ದವು. ಅಲ್ಲಿನ ಹೆಂಗಸರು ಮಾತಾಡುವುದನ್ನು ಬಿಟ್ಟು ತುಟಿ ಆಡಿಸಿಯೇ ಊರಿನ ಸುದ್ದಿಯನ್ನೆಲ್ಲ ಹಂಚಿಕೊಳ್ಳುತ್ತಿದ್ದರು. ಆ ತುಟಿಮಾತಿಗೆ ಅಲ್ಲಿ ‘ಮೀ-ಮಾವಿಂಗ್’ ಎಂಬ ಹೆಸರೇ ಇತ್ತು. ವಯಸ್ಸಾಗುವ ಹೊತ್ತಿಗೆ ಬಹಳ ಜನಕ್ಕೆ ಕಿವಿ ಹೋಗಿರುತ್ತಿತ್ತು, ಆಗ ಕೈಹಿಡಿಯುತ್ತಿದ್ದದ್ದೂ ಅದೇ ವಿದ್ಯೆ. ಇದನ್ನೆಲ್ಲ ಸಿಬ್ಬಂದಿಯಾಕೆ ತುಟಿ ಉಬ್ಬಿಸಿ, ಹುಬ್ಬು ಕುಣಿಸಿ ಮಾಡಿ ತೋರಿಸುತ್ತಾರೆ.

ಗುಂಪಿನಲ್ಲಿ ಬನಹಟ್ಟಿ ಕಡೆಯ ನೇಕಾರ ಹಿರಿಯರೊಬ್ಬರಿದ್ದರು. ಮ್ಯಾಂಚೆಸ್ಟರಿನಲ್ಲಿ ಓದುತ್ತಿರುವ ಮಗ ಅಪ್ಪನಿಗೆ ಊರು ತೋರಿಸಲು ಹೊರಟಿದ್ದ. ಹಿರಿಯರು ಕಿವಿ ಮುಚ್ಚಲೂ ಇಲ್ಲ, ಮುಖ ಹಿಂಡಲೂ ಇಲ್ಲ. “ಏನೋ ತಮ್ಮಾ, ಇದನ್ನ ನೋಡಾಕ ಇಷ್ಟ ದೂರ ಕರಕೊಂಡ ಬಂದೇನು? ಈ ಸಪ್ಪಳಕ್ಕ ಬ್ಯಾಸತ್ತ ನಿನ್ನ ಸಾಲಿಗಿ ಹಾಕಿದ್ನಲ್ಲೋ” ಎಂದರು. ಮಗ ನಗುತ್ತ, “ಅಪ್ಪಾ, ನಮ್ಮ ಮಗ್ಗದ ಮುತ್ತಜ್ಜ ಇದ ನೋಡ್ರಿ” ಎಂದ. ಅವರು ಆಗಷ್ಟೇ ಬಗ್ಗಿ ಬಟ್ಟೆಯ ಅಂಚನ್ನು ಬೆರಳಿಂದ ಸವರಿ, “ಎಳಿ ಸಡ್ಲ ಬಿಟ್ಟಾರ, ಅಂಚ ನೆಟ್ಟಗ ಬಂದಿಲ್ಲ” ಎಂದು ತೀರ್ಪು ಕೊಟ್ಟು ಮುಂದೆ ನಡೆದರು.

ಮ್ಯಾಂಚೆಸ್ಟರಿನ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದ ಸ್ವಭಾವ ಇದು. ಯಂತ್ರವನ್ನು ಗಾಜಿನೊಳಗಿಟ್ಟು ಹೆಸರಿನ ಫಲಕ ಅಂಟಿಸಿ ಕೈತೊಳೆದುಕೊಳ್ಳುವುದು ಇವರಿಗೆ ಒಗ್ಗದು. ಓಡಿಸುತ್ತಾರೆ. ಅರಳೆ ಹಿಂಜುವುದರಿಂದ ಹಿಡಿದು ನೂಲು ತೆಗೆದು ಬಟ್ಟೆ ನೇಯುವ ತನಕ ಒಂದೊಂದು ಯಂತ್ರವನ್ನೂ ಕಣ್ಣೆದುರು ನಡೆಸುತ್ತಾರೆ. ಎಣ್ಣೆಯ ವಾಸನೆ, ಗಾಳಿಯಲ್ಲಿ ತೇಲುವ ಹತ್ತಿಯ ನವಿರು, ಸದ್ದು, ಎಲ್ಲ ಒಟ್ಟಿಗೇ ಬರುತ್ತವೆ.

ಹತ್ತಿಯಿಂದಲೇ ಬೆಳೆದ ಊರು. 1801ರಲ್ಲಿ ಸುಮಾರು 75,000 ಇದ್ದ ಜನ 1851ರ ಹೊತ್ತಿಗೆ 3 ಲಕ್ಷ ದಾಟಿದ್ದರು. 1853ರಲ್ಲಿ ಊರೊಳಗೇ 108 ಹತ್ತಿ ಗಿರಣಿಗಳಿದ್ದವು. ಅದಕ್ಕೂ ಮುಂಚೆ 1842ರಲ್ಲಿ ನಗರದ ಲಾಂಛನ ಮಾಡಿಸಿಕೊಂಡಾಗ ಅದರಲ್ಲಿ ಜೇನುಹುಳಗಳನ್ನು ಬಿಡಿಸಿದರು, ಬಿಡುವಿಲ್ಲದ ದುಡಿಮೆಯ ಗುರುತಾಗಿ. ಆ ಜೇನು ಈಗಲೂ ಊರು ತುಂಬ ಇದೆ: ರಸ್ತೆಬದಿಯ ಗೂಟಗಳ ಮೇಲೆ, ಪುರಭವನದ ನೆಲದ ಹಾಸಿನಲ್ಲಿ, ಹಳದಿ ಬಸ್ಸುಗಳ ಮೈಮೇಲೆ. ಜೇನಿನ ಗೂಡಿನಲ್ಲಿ ದುಡಿಯುವವರು ಯಾರು, ತುಪ್ಪ ತಿಂದವರು ಯಾರು ಎಂಬ ಪ್ರಶ್ನೆಯನ್ನು ಇದೇ ಊರಿನಲ್ಲಿ ಅಪ್ಪನ ಗಿರಣಿಯ ಲೆಕ್ಕ ನೋಡುತ್ತಿದ್ದ ಫ್ರೆಡ್ರಿಕ್ ಎಂಗೆಲ್ಸ್ ಕೇಳಿದ. ಉತ್ತರವನ್ನು 1845ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ.

ಗಿರಣಿಗಳು 20ನೇ ಶತಮಾನದಲ್ಲಿ ಒಂದೊಂದಾಗಿ ಬಾಗಿಲು ಹಾಕಿದವು. ಬಟ್ಟೆ ವ್ಯಾಪಾರದ ಹೃದಯವಾಗಿದ್ದ ರಾಯಲ್ ಎಕ್ಸ್‌ಚೇಂಜ್ 1968ರಲ್ಲಿ ವಹಿವಾಟು ನಿಲ್ಲಿಸಿತು. ಈಗ ಅದು ರಂಗಮಂದಿರ. ಸಭಾಂಗಣದ ನಡುವೆ ಗಾಜು-ಉಕ್ಕಿನ ರಂಗಗೂಡೊಂದನ್ನು ಹಳೆಯ ಕಂಬಗಳಿಗೆ ಜೋತುಹಾಕಿದ್ದಾರೆ, ನೆಲದ ಮೇಲೆ ಭಾರ ಬೀಳದ ಹಾಗೆ. ಅದನ್ನು ನೋಡಿ ತಲೆ ಎತ್ತಿದರೆ ಮೇಲೆ ಧಾರಣೆಯ ಹಲಗೆ. ವ್ಯಾಪಾರದ ಕೊನೆಯ ದಿನದ ಅಂಕಿಗಳು ಹಾಗೆಯೇ ಇವೆ, ಯಾರೂ ಇಳಿಸಿಲ್ಲ.

ಇಲ್ಲಿಗೆ ಈ ಊರಿನ ಕಥೆ ಮುಗಿಯಬೇಕಿತ್ತು. ಗಿರಣಿ ಮುಚ್ಚಿದ ಊರುಗಳ ಪಾಡು ನಮಗೆ ಗೊತ್ತಿರುವುದೇ. ಆದರೆ ಮ್ಯಾಂಚೆಸ್ಟರಿಗೆ ಇನ್ನೊಂದು ಗುಣವಿತ್ತು, ಅದು ಗಿರಣಿಯ ರಿಪೇರಿ ಕೋಣೆಯಲ್ಲಿ ಬೆಳೆದ ಗುಣವೆಂದೇ ನನ್ನ ಅನಿಸಿಕೆ: ಇದ್ದ ಸಾಮಾನಿನಲ್ಲೇ ಹೊಸತನ್ನು ಕಟ್ಟುವುದು. ಈ ಊರಿನ ದೊಡ್ಡ ಆವಿಷ್ಕಾರಗಳ ಒಡಲು ಬಗೆದರೆ ಅರ್ಧಕ್ಕರ್ಧ ಗುಜರಿ ಸಿಗುತ್ತದೆ.

ಅದಕ್ಕೆ ಮುನ್ನ ವಸ್ತುಸಂಗ್ರಹಾಲಯದ ಹಿತ್ತಲನ್ನು ನೋಡಿಬಿಡಬೇಕು. ಹಿತ್ತಲೆಂದರೆ ರೈಲು ನಿಲ್ದಾಣ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್‌ನಿಂದ ಹೊರಟ ಮೊದಲ ರೈಲುಗಳು ಬಂದು ನಿಂತದ್ದು ಇದೇ ಲಿವರ್‌ಪೂಲ್ ರೋಡ್ ನಿಲ್ದಾಣದಲ್ಲಿ. ಪ್ರಯಾಣಿಕರಿಗೆಂದು ಕಟ್ಟಿದ ಟರ್ಮಿನಸ್‌ಗಳಲ್ಲಿ ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯದು ಇದು. ಆ ದಿನವೇನೂ ಸುಸೂತ್ರವಾಗಿರಲಿಲ್ಲ. ನೀರು ತುಂಬಿಸಲು ನಡುದಾರಿಯಲ್ಲಿ ನಿಂತಾಗ ಕೆಳಗಿಳಿದ ಲಿವರ್‌ಪೂಲ್ ಸಂಸದ ವಿಲಿಯಂ ಹಸ್ಕಿಸನ್ ಪಕ್ಕದ ಹಳಿಯಲ್ಲಿ ಬಂದ ‘ರಾಕೆಟ್’ ಎಂಜಿನ್ನಿಗೆ ಸಿಕ್ಕಿ ಸಂಜೆ ತೀರಿಕೊಂಡ. ಪ್ರಧಾನಿ ವೆಲಿಂಗ್ಟನ್ ಮ್ಯಾಂಚೆಸ್ಟರ್ ತಲುಪಿದಾಗ ಜನ ಹೂವಿನ ಬದಲು ಬೈಗುಳದಿಂದ ಎದುರುಗೊಂಡರು. ಮತದಾನದ ಹಕ್ಕು ಕೇಳಿದವರ ಮೇಲೆ 1819ರಲ್ಲಿ ಕುದುರೆ ಸವಾರರನ್ನು ನುಗ್ಗಿಸಿದ್ದನ್ನು ಊರು ಮರೆತಿರಲಿಲ್ಲ. 1844ರಲ್ಲೇ ಪ್ರಯಾಣಿಕರು ಬೇರೆ ನಿಲ್ದಾಣಕ್ಕೆ ಹೋದರು, ಸರಕು 1975ರ ತನಕ ಇಲ್ಲೇ ಬಂತು. ಖಾಲಿಯಾದ ನಿಲ್ದಾಣ, ಗೋದಾಮು ಎಲ್ಲವನ್ನೂ 1983ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದರು.

ಇದರ ಒಂದು ಭಾಗವಾದ ಪವರ್ ಹಾಲ್, 1855ರ ಸರಕಿನ ಶೆಡ್ಡು. ದುರಸ್ತಿಗೆಂದು 2019ರಲ್ಲಿ ಮುಚ್ಚಿ 2025ರಲ್ಲಷ್ಟೇ ಮತ್ತೆ ತೆರೆದರು. ಒಳಗೆ ಗಿರಣಿಗಳನ್ನು ತಿರುಗಿಸಿದ ಉಗಿಯಂತ್ರಗಳ ಸಾಲು. ಕೊನೆಯಲ್ಲಿ ಮಲಗಿರುವ ಗ್ಯಾರಟ್ ರೈಲು ಎಂಜಿನ್ನಿನ ಮುಂದೆ ನಿಂತರೆ ಅದರ ಇನ್ನೊಂದು ತುದಿ ಕಾಣಲು ಹತ್ತಾರು ಹೆಜ್ಜೆ ನಡೆಯಬೇಕು. ಇದೇ ಊರಿನ ಗಾರ್ಟನ್‌ನಲ್ಲಿ ಬೇಯರ್-ಪೀಕಾಕ್ ಕಂಪನಿ ದಕ್ಷಿಣ ಆಫ್ರಿಕಾಕ್ಕೆಂದು ಮಾಡಿ ಕಳಿಸಿದ್ದು, ದುಡಿದು ದಣಿದು ತವರಿಗೆ ಮರಳಿದೆ. ಉಗಿಯಂತ್ರಗಳಿಗೆ ಈಗ ಕಲ್ಲಿದ್ದಲ ಹೊಗೆಯಿಲ್ಲ. ವಿದ್ಯುತ್ ಬಾಯ್ಲರಿನಿಂದ ಉಗಿ ಬರುತ್ತದೆ. ಕಲ್ಲಿದ್ದಲ ಮಸಿಯಲ್ಲೇ ಮೈ ಕಪ್ಪಾಗಿಸಿಕೊಂಡ ಊರು ಅಲ್ಲಿಗೆ ಬಂದು ಮುಟ್ಟಿದೆ.

ಈ ಹತ್ತಿಯ ಕಥೆಯಲ್ಲಿ ನಮ್ಮದೂ ಒಂದು ಅಧ್ಯಾಯವಿದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಉತ್ತರದವರು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದರು. ಗುಲಾಮರು ಬೆಳೆದ ಹತ್ತಿ ಬರುವುದು ನಿಂತಿತು. ಲ್ಯಾಂಕಾಶೈರಿನಲ್ಲಿ ಲಕ್ಷಗಟ್ಟಲೆ ಜನ ಗಂಜಿಗೆ ಸಾಲು ನಿಂತರು. ಹಾಗಿದ್ದೂ ಮ್ಯಾಂಚೆಸ್ಟರಿನ ಕಾರ್ಮಿಕರು ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್ನನಿಗೆ ಬೆಂಬಲ ಸಾರಿದರು. ಅವನು 1863ರ ಜನವರಿಯಲ್ಲಿ ಅವರಿಗೆ ಪತ್ರ ಬರೆದ. ಊರ ನಡುವಿನ ಚೌಕದಲ್ಲಿ ಅವನ ಪ್ರತಿಮೆ ಇದೆ. ಗಿರಣಿ ಮಾಲೀಕರ ಕಣ್ಣು ಮಾತ್ರ ಬೇರೆಡೆಗೆ ಹೊರಳಿತು. ಅದು ನೆಟ್ಟದ್ದು ಧಾರವಾಡದ ಮೇಲೆ. ಭಾರತದ ಹತ್ತಿಯನ್ನೆಲ್ಲ ಅವರು ‘ಸೂರತ್’ ಎಂದೇ ಕರೆದು ಎಳೆ ಗಿಡ್ಡ, ಪದೇ ಪದೇ ಹರಿಯುತ್ತದೆ ಎಂದು ಮೂಗು ಮುರಿಯುತ್ತಿದ್ದರು. ಆದರೆ ಧಾರವಾಡದ ಎರೆಭೂಮಿಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿಸಿದ್ದರು, ಕಾಳು ಬಿಡಿಸಲು ಹಲ್ಲುಗರಗಸದ ಜಿನ್ನುಗಳನ್ನೂ ತರಿಸಿದ್ದರು.

ಹತ್ತಿಯೇನೋ ಇತ್ತು, ಸಮುದ್ರಕ್ಕೆ ಇಳಿಸುವ ದಾರಿ ಇರಲಿಲ್ಲ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದು ಹುಟ್ಟಿಕೊಂಡು, ಕಾಳಿ ನದಿಯ ಮುಖದ ಸದಾಶಿವಗಡವನ್ನು ಹತ್ತಿಯ ಬಂದರು ಮಾಡಬೇಕು, ಘಟ್ಟಕ್ಕೆ ರಸ್ತೆ ಕಡಿಸಬೇಕು ಎಂದು ಸರಕಾರದ ಬೆನ್ನು ಬಿದ್ದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ದಾರಿಯ ಒತ್ತಡವಿತ್ತು. ರಸ್ತೆ ಹೊತ್ತಿಗೆ ಸರಿಯಾಗಿ ಆಗಲಿಲ್ಲ, ಯುದ್ಧ ಮುಗಿಯಿತು, ಅಮೆರಿಕದ ಹತ್ತಿ ಮರಳಿ ಬಂತು, ನಮ್ಮ ಹತ್ತಿಯ ಧಾರಣೆ ನೆಲಕಚ್ಚಿತು. ಕಾರವಾರದ ಜನ ಹೆಚ್ಚುಕಡಿಮೆ ನೂರು ವರ್ಷ ಯಾವ ಪ್ರಾಂತದ ಕಚೇರಿಗೆ ಅರ್ಜಿ ಹಿಡಿದು ಅಲೆಯಬೇಕು ಎಂಬುದರಲ್ಲಿ ಮ್ಯಾಂಚೆಸ್ಟರಿನ ಕೈಯಿತ್ತು ಎಂದು ಇಲ್ಲಿನ ಮಗ್ಗದ ಮುಂದೆ ನಿಂತಾಗ ನೆನಪಾಗುತ್ತದೆ.

ಸರಿ, ಗುಜರಿಗೆ ಬರೋಣ.

ಇದೇ ವಸ್ತುಸಂಗ್ರಹಾಲಯದಲ್ಲಿ ಐದು ಮೀಟರಿಗಿಂತ ಉದ್ದದ ಕಬ್ಬಿಣದ ಚೌಕಟ್ಟುಗಳ ಸಾಲೊಂದಿದೆ. ಬೆನ್ನಿಗೆಲ್ಲ ತಂತಿಗಳ ಸಿಕ್ಕು, ಎದೆ ತುಂಬ ಗಾಜಿನ ವಾಲ್ವುಗಳು. ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ಒಂದನ್ನು ಯಾರೋ ಬಿಚ್ಚಿ ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ ಅನ್ನಿಸಬೇಕು, ಹಾಗಿದೆ. ಇದರ ಹೆಸರು ‘ಬೇಬಿ’. ತೂಕ ಸುಮಾರು ಒಂದು ಟನ್. ಲೆಕ್ಕದ ಕ್ರಮವನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡು ನಡೆಸಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್. ಇಂದಿನ ಪ್ರತಿ ಮೊಬೈಲು, ಪ್ರತಿ ಲ್ಯಾಪ್‌ಟಾಪು ನಡೆಯುವುದು ಅದೇ ತತ್ತ್ವದಲ್ಲಿ. ಮೂಲಯಂತ್ರ ಬಿಚ್ಚಿಹೋಗಿದೆ, ಇದು ಅದರ 50ನೇ ವರ್ಷಕ್ಕೆಂದು 1998ರಲ್ಲಿ ಕಟ್ಟಿದ ಪ್ರತಿರೂಪ. ಓಡುವ ಪ್ರತಿರೂಪ ಎಂದು ಬೇರೆ ಹೇಳಬೇಕಾಗಿಲ್ಲ.

ಬೇಬಿಯನ್ನು ಕಟ್ಟಿದ ಫ್ರೆಡಿ ವಿಲಿಯಮ್ಸ್ ಮತ್ತು ಟಾಮ್ ಕಿಲ್ಬರ್ನ್ ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್ ಕೆಲಸದಲ್ಲಿದ್ದರು. ರೇಡಾರಿನ ಪರದೆಯ ಮೇಲೆ ಮೂಡುವ ಚುಕ್ಕಿ ಒಂದು ಕ್ಷಣದಲ್ಲಿ ಅಳಿಸಿಹೋಗುತ್ತದೆ. ಅಳಿಸುವ ಮುನ್ನವೇ ಅದನ್ನು ಓದಿ ಮತ್ತೆ ಬರೆಯುತ್ತ ಹೋದರೆ? ಚುಕ್ಕಿ ಉಳಿಯುತ್ತದೆ. ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಕಂಪ್ಯೂಟರಿಗೆ ಬೇಕಾದ ನೆನಪು ಹೀಗೆ ರೇಡಾರಿನ ಪರದೆಯಿಂದ ಬಂತು. ಯುದ್ಧ ಮುಗಿದ ಮೇಲೆ ಮಿಕ್ಕಿದ್ದ ವಾಲ್ವುಗಳು ಹೇಗೂ ಬೇಕಾದಷ್ಟಿದ್ದವು. ಸಹೋದ್ಯೋಗಿ ಜೆಫ್ ಟೂಟಿಲ್ ಜತೆ ಸೇರಿ ಸುಮಾರು 550 ವಾಲ್ವುಗಳನ್ನು ಜೋಡಿಸಿದರು. ನೆನಪಿನ ಒಟ್ಟು ಸಾಮರ್ಥ್ಯ 32 ಸಾಲು, ಸಾಲಿಗೆ 32 ಚುಕ್ಕಿ. 1948ರ ಜೂನ್ 21ರಂದು ಕಿಲ್ಬರ್ನ್ ಬರೆದ 17 ಸಾಲಿನ ಲೆಕ್ಕವನ್ನು ಯಂತ್ರ 52 ನಿಮಿಷ, ಸುಮಾರು 35 ಲಕ್ಷ ಹೆಜ್ಜೆ ನಡೆದು ಬಿಡಿಸಿತು. 2,62,144ನ್ನು ನಿಶ್ಶೇಷವಾಗಿ ಭಾಗಿಸುವ, ಅದಕ್ಕಿಂತ ಚಿಕ್ಕದಾದ ಅತಿ ದೊಡ್ಡ ಸಂಖ್ಯೆ ಯಾವುದು? 1,31,072. ಐದನೇ ಕ್ಲಾಸಿನ ಹುಡುಗಿ ಎರಡರಿಂದ ಭಾಗಿಸಿ ಥಟ್ಟನೆ ಹೇಳಿಯಾಳು. ಆದರೆ ಯಂತ್ರಕ್ಕೆ ಆ ಜಾಣತನ ಕೊಟ್ಟಿರಲಿಲ್ಲ. ದೊಡ್ಡದರಿಂದ ಶುರುಮಾಡಿ ಒಂದೊಂದನ್ನೇ ಪರೀಕ್ಷಿಸುತ್ತ ಬಾ ಎಂದಿದ್ದರು, ದಣಿಯದೆ ನಡೆಯುತ್ತದೆಯೇ ಎಂದು ನೋಡುವುದೇ ಉದ್ದೇಶವಾಗಿತ್ತು.

ಪ್ರತಿರೂಪವನ್ನು ನಡೆಸುವವರು ಸ್ವಯಂಸೇವಕರು. ಅವರು ಗುಂಡಿ ಒತ್ತಿದಾಗ ಪುಟ್ಟ ದುಂಡು ಪರದೆಯ ಮೇಲೆ ಹಸಿರು ಚುಕ್ಕಿಗಳ ಸಾಲು ಮೂಡುತ್ತದೆ. ಕಂಪ್ಯೂಟರಿನ ನೆನಪನ್ನು ಬರಿಗಣ್ಣಿನಿಂದ ನೋಡುವುದು ಅಂದರೆ ಇದು. ಇವತ್ತಿನ ಚಿಪ್ಪುಗಳೊಳಗೆ ಅದು ಯಾರ ಕಣ್ಣಿಗೂ ಬೀಳದು. ಬೇಬಿಯ ಆಧಾರದ ಮೇಲೆ ಕಟ್ಟಿದ ಯಂತ್ರವನ್ನೇ ಸ್ಥಳೀಯ ಫೆರಾಂಟಿ ಕಂಪನಿ ತಿದ್ದಿ ತೀಡಿ 1951ರಲ್ಲಿ ‘ಮಾರ್ಕ್ 1’ ಎಂದು ಮಾರಾಟಕ್ಕೆ ತಂದಿತು.

ಗಣಿತಜ್ಞ ಅಲನ್ ಟ್ಯೂರಿಂಗ್ ಈ ಊರಿಗೆ ಬಂದದ್ದು ಬೇಬಿ ಹುಟ್ಟಿದ ವರ್ಷವೇ. ಯಂತ್ರ ಯೋಚಿಸಬಲ್ಲದೇ ಎಂಬ ಅವನ ಹೆಸರಾಂತ ಪ್ರಬಂಧ 1950ರಲ್ಲಿ ಅಚ್ಚಾದಾಗ ಅವನು ಇಲ್ಲಿನ ವಿಶ್ವವಿದ್ಯಾಲಯದಲ್ಲಿದ್ದ. ಇನ್ನೊಬ್ಬ ಗಂಡಸಿನೊಡನೆ ಸಂಬಂಧವಿತ್ತೆಂದು 1952ರಲ್ಲಿ ಪೊಲೀಸರು ಹಿಡಿದರು, ನ್ಯಾಯಾಲಯ ಹಾರ್ಮೋನು ಚುಚ್ಚುಮದ್ದಿನ ಶಿಕ್ಷೆಗೆ ಗುರಿಮಾಡಿತು. 1954ರ ಜೂನ್ 7ರಂದು ತೀರಿಕೊಂಡ. ವಯಸ್ಸು 41. ಸ್ಯಾಕ್‌ವಿಲ್ ಉದ್ಯಾನದ ಬೆಂಚಿನ ಮೇಲೆ ಕೈಯಲ್ಲಿ ಸೇಬು ಹಿಡಿದು ಕೂತ ಅವನ ಕಂಚಿನ ಪ್ರತಿಮೆ 2001ರದು. ಶಿಲ್ಪಿ ಗ್ಲಿನ್ ಹ್ಯೂಸ್ ತನ್ನ ಹಳೆಯ ಆಮ್‌ಸ್ಟ್ರಾಡ್ ಕಂಪ್ಯೂಟರನ್ನು ಅದರ ಬುಡದಲ್ಲಿ ಹೂತಿಟ್ಟಿದ್ದಾನೆ. ಕ್ಷಮಾದಾನ ಬಂದದ್ದು 2013ರಲ್ಲಿ, 50 ಪೌಂಡಿನ ನೋಟಿನ ಮೇಲೆ ಅವನ ಮುಖ ಬಂದದ್ದು 2021ರಲ್ಲಿ. ಬೆಂಚಿನಲ್ಲಿ ಪಕ್ಕಕ್ಕೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದಾರೆ. ಫೋಟೊಕ್ಕೆ ಕೂರುವವರೇ ಹೆಚ್ಚು, ಆಗಾಗ ಯಾರೋ ಅವನ ತೊಡೆಯ ಮೇಲೆ ಹೂವಿಟ್ಟು ಹೋಗಿರುತ್ತಾರೆ.

ಊರಿನಿಂದ ದಕ್ಷಿಣಕ್ಕೆ ಹೋದರೆ ಚೆಶೈರಿನ ಹಸುಗಳ ಹುಲ್ಲುಗಾವಲು. ಅದರ ನಡುವೆ ಜೋಡ್ರೆಲ್ ಬ್ಯಾಂಕ್ ರೇಡಿಯೊ ವೀಕ್ಷಣಾಲಯ. ವಿಶ್ವಕಿರಣಗಳನ್ನು ಹುಡುಕಬೇಕೆಂದು ಹೊರಟ ಭೌತವಿಜ್ಞಾನಿ ಬರ್ನಾರ್ಡ್ ಲೋವೆಲ್ ಸೇನೆಯಿಂದ ರೇಡಾರ್ ಲಾರಿಗಳನ್ನು ಬೇಡಿ ತಂದು ವಿಶ್ವವಿದ್ಯಾಲಯದ ಅಂಗಳದಲ್ಲಿ ನಿಲ್ಲಿಸಿದ್ದ. ಆಕ್ಸ್‌ಫರ್ಡ್ ರಸ್ತೆಯಲ್ಲಿ ಓಡುವ ಟ್ರಾಮುಗಳ ವಿದ್ಯುತ್ ಗದ್ದಲದಲ್ಲಿ ಏನೂ ಕೇಳಿಸದಾಯಿತು. ಸಸ್ಯಶಾಸ್ತ್ರದವರಿಗೆ ಹಳ್ಳಿಯಲ್ಲಿ ಒಂದು ತುಂಡು ಜಮೀನಿದೆ ಎಂದು ತಿಳಿದು 1945ರ ಡಿಸೆಂಬರ್ ಚಳಿಯಲ್ಲಿ ಲಾರಿಗಳನ್ನು ಅಲ್ಲಿಗೆ ಎಳೆದೊಯ್ದ. ಕೆಲವು ದಿನಕ್ಕೆಂದು ಹೋದವನು ಅಲ್ಲೇ ಬೇರೂರಿದ.

ಅವನು ಕಟ್ಟಿಸಿದ ರೇಡಿಯೊ ದೂರದರ್ಶಕ 1957ರಲ್ಲಿ ಮುಗಿಯಿತು. 76 ಮೀಟರ್ ಅಗಲದ ಉಕ್ಕಿನ ಬೋಗುಣಿ, ಒಟ್ಟು 3,200 ಟನ್ ಭಾರ, ದುಂಡನೆಯ ರೈಲುಹಳಿಯ ಮೇಲೆ ತಿರುಗುತ್ತದೆ. ಇಷ್ಟು ದೊಡ್ಡ ಬೋಗುಣಿಯನ್ನು ಮೇಲೆ ಕೆಳಗೆ ವಾಲಿಸುವ ಹಲ್ಲುಚಕ್ರ ಹೊಸತಾಗಿ ಎರಕ ಹೊಯ್ಯಿಸಲು ದುಡ್ಡೆಲ್ಲಿ? ಆಗಷ್ಟೇ ಒಡೆಯಲು ಹಾಕಿದ್ದ ರಾಯಲ್ ಸಾವರೀನ್ ಮತ್ತು ರಿವೆಂಜ್ ಎಂಬ ಎರಡು ಯುದ್ಧನೌಕೆಗಳ ಫಿರಂಗಿ ಗೋಪುರದ ಹಲ್ಲುಪಟ್ಟಿಗಳನ್ನು ಕಡಿಮೆ ಬೆಲೆಗೆ ತಂದು ಕೂರಿಸಿದರು. ಆಗ ಫಿರಂಗಿ ತಿರುಗಿಸಿದ ಕಬ್ಬಿಣ ಈಗ ಪಲ್ಸಾರ್ ಎಂಬ ದೂರದ ನಕ್ಷತ್ರಗಳ ಕಡೆಗೆ ಬೋಗುಣಿ ತಿರುಗಿಸುತ್ತಿದೆ. ಹೀಗೆಲ್ಲ ಮಾಡಿಯೂ ಖರ್ಚು ಅಂದಾಜನ್ನು ಎಷ್ಟೋ ಮೀರಿ, ಲೋವೆಲ್ ಸಾಲಗಾರನಾಗಿ ಕಟಕಟೆ ಏರಬೇಕಾದೀತು ಎಂಬಲ್ಲಿಗೆ ಬಂತು. ಅಷ್ಟರಲ್ಲಿ 1957ರ ಅಕ್ಟೋಬರ್ 4ರಂದು ರಷ್ಯಾ ಸ್ಪುಟ್ನಿಕ್ ಹಾರಿಸಿತು. ಅದನ್ನು ಹೊತ್ತೊಯ್ದ ರಾಕೆಟ್ಟನ್ನು ರೇಡಾರಿನಿಂದ ಹಿಂಬಾಲಿಸಬಲ್ಲ ಸಾಧನವೆಂದರೆ ಇದೇ ಸಾಲದ ಬೋಗುಣಿ. ರಾತ್ರೋರಾತ್ರಿ ಲೋವೆಲ್ ದೇಶದ ಹೆಮ್ಮೆಯಾದ. ಉಳಿದ ಸಾಲವನ್ನು 1960ರಲ್ಲಿ ಕಾರು ತಯಾರಕ ಲಾರ್ಡ್ ನಫೀಲ್ಡ್ ತೀರಿಸಿದ.

ನನಗೆ ಇದಕ್ಕಿಂತ ರುಚಿಯೆನಿಸುವುದು 1966ರ ಫೆಬ್ರವರಿಯ ಪ್ರಸಂಗ. ರಷ್ಯಾದ ಲೂನಾ 9 ಚಂದ್ರನ ಮೇಲೆ ಮೆತ್ತಗೆ ಇಳಿದು ಏನನ್ನೋ ಕಳಿಸತೊಡಗಿತು. ಜೋಡ್ರೆಲ್ ಬ್ಯಾಂಕಿನವರು ಕಿವಿಗೊಟ್ಟರೆ ಅದು ಪತ್ರಿಕಾ ಕಚೇರಿಗಳಲ್ಲಿ ತಂತಿಯ ಮೇಲೆ ಚಿತ್ರ ಕಳಿಸುವ ಯಂತ್ರದ ಸದ್ದಿನಂತಿತ್ತು. ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯ ಮ್ಯಾಂಚೆಸ್ಟರ್ ಕಚೇರಿಯಿಂದ ಅಂಥದೊಂದು ಯಂತ್ರವನ್ನು ಎರವಲು ತಂದು ಸಿಕ್ಕಿಸಿದರು. ಕಾಗದದ ಮೇಲೆ ಚಂದ್ರನ ನೆಲ ಮೂಡಿತು. ರಷ್ಯನ್ನರು ತಾವೇ ಪ್ರಕಟಿಸುವ ಮುನ್ನ ಚಂದ್ರನ ಮೇಲಿಂದ ಬಂದ ಮೊದಲ ಚಿತ್ರ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಯಿತು.

ಜೋಡ್ರೆಲ್ ಬ್ಯಾಂಕಿಗೆ 2019ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ. ಭಾರತವೂ ಕೈಜೋಡಿಸಿರುವ ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ಮಹಾದೂರದರ್ಶಕ ಯೋಜನೆಯ ಕೇಂದ್ರ ಕಚೇರಿ ಇಲ್ಲೇ ಇದೆ. ಒಳಗೆ ಕಾಲಿಟ್ಟೊಡನೆ ಮೊಬೈಲ್ ಆರಿಸಿ ಎಂಬ ಸೂಚನೆ ಕಣ್ಣಿಗೆ ಬೀಳುತ್ತದೆ. ನಮ್ಮ ಗೌರಿಬಿದನೂರಿನ ರೇಡಿಯೊ ಕೇಂದ್ರವನ್ನು ನೋಡಿದವರಿಗೆ ಇದರ ಕಾರಣ ಹೇಳಬೇಕಿಲ್ಲ. ಮೊಬೈಲಿಲ್ಲದ ಜನ ಹುಲ್ಲಿನ ಮೇಲೆ ಕೂತು ಬೋಗುಣಿ ಕದಲುವುದನ್ನೇ ಕಾಯುತ್ತಿರುತ್ತಾರೆ. ಅದು ಕದಲುವುದು ಎಷ್ಟು ನಿಧಾನವೆಂದರೆ, ಮೋಡ ಚಲಿಸಿತೋ ಬೋಗುಣಿ ಚಲಿಸಿತೋ ಎಂದು ಅನುಮಾನ ಬರುತ್ತದೆ.

ಗ್ರಾಫೀನಿನ ಕಥೆಯನ್ನು ಬಹಳ ಜನ ಕೇಳಿದ್ದಾರೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಪೆನ್ಸಿಲ್ಲಿನ ಸೀಸ, ಅಂದರೆ ಗ್ರಾಫೈಟ್, ಚಿರೋಟಿಯಂತೆ ಪದರ ಪದರ. ಅದರಿಂದ ಒಂದೇ ಒಂದು ಪರಮಾಣು ದಪ್ಪದ ಪದರವನ್ನು, ಅಂದರೆ ಗ್ರಾಫೀನನ್ನು, ಬಿಡಿಸಬಹುದೇ? ದುಬಾರಿ ಯಂತ್ರಗಳಿಂದ ಆಗಲಿಲ್ಲ. ಗ್ರಾಫೈಟ್ ತುಣುಕನ್ನು ಸೂಕ್ಷ್ಮದರ್ಶಕಕ್ಕೆ ಹಾಕುವ ಮುನ್ನ ಗಮ್ ಟೇಪ್ ಅಂಟಿಸಿ ಕಿತ್ತು ಮೇಲ್ಮೈ ಶುಚಿ ಮಾಡುವುದು ಪ್ರಯೋಗಶಾಲೆಗಳ ವಾಡಿಕೆ, ಕಿತ್ತ ಟೇಪು ಕಸದ ಬುಟ್ಟಿಗೆ. ಇಲ್ಲಿನ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಆ ಬಿಸಾಡುವ ಟೇಪನ್ನೇ ನೋಡಿದರು. ಅದಕ್ಕಂಟಿದ ಚೂರುಗಳು ಆಗಲೇ ತೆಳ್ಳಗಿದ್ದವು. 2004ರಲ್ಲಿ ಶೋಧ ಪ್ರಕಟವಾಯಿತು, 2010ರಲ್ಲಿ ನೊಬೆಲ್ ಬಂತು. ಇದೇ ಗೈಮ್ ಕಾಂತಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ 2000ದಲ್ಲಿ ನಗೆಯ ಇಗ್‌ನೊಬೆಲ್ ಕೂಡ ಗೆದ್ದಿದ್ದ. ಇಂಥ ಆಟಕ್ಕೆಂದೇ ಅವನು ಶುಕ್ರವಾರದ ಸಂಜೆಗಳನ್ನು ಮೀಸಲಿಡುತ್ತಿದ್ದ.

ಟೇಪಿನಿಂದ ಶುರುವಾದದ್ದು ಈಗ 61 ಮಿಲಿಯನ್ ಪೌಂಡಿನ ಕಟ್ಟಡದಲ್ಲಿದೆ. 2015ರಲ್ಲಿ ತೆರೆದ ರಾಷ್ಟ್ರೀಯ ಗ್ರಾಫೀನ್ ಸಂಸ್ಥೆಗೆ ಕಪ್ಪು ಸ್ಟೀಲಿನ ಮುಸುಕು ಹೊದಿಸಿದ್ದಾರೆ, ಹತ್ತಿರ ಹೋಗಿ ನೋಡಿದರೆ ಅದರ ತೂತುಗಳಲ್ಲಿ ಗ್ರಾಫೀನಿನ ಸಮೀಕರಣಗಳಿವೆ. ರಸ್ತೆಯ ಅದುರು ತಾಗದಿರಲೆಂದು ಶುದ್ಧಕೋಣೆಯನ್ನು ನೆಲದೊಳಗೆ ಇಳಿಸಿದ್ದಾರೆ. ಉಕ್ಕಿಗಿಂತ 200 ಪಟ್ಟು ಗಟ್ಟಿ, ಜಗತ್ತನ್ನೇ ಬದಲಿಸುತ್ತದೆ ಎಂಬ ಅಬ್ಬರ ಎಬ್ಬಿಸಿದ ಈ ವಸ್ತು ಸದ್ಯಕ್ಕೆ ಓಟದ ಬೂಟಿನ ಅಟ್ಟೆಗೆ, ಕಾಂಕ್ರೀಟಿಗೆ ಬೆರೆತಿದೆ. ಪತ್ರಿಕೆಗಳ ಅಬ್ಬರಕ್ಕೆ ಹೋಲಿಸಿದರೆ ಫಲ ಕಡಿಮೆಯೇ. ಬೇಬಿಯನ್ನು ಕಟ್ಟಿದವರು ಮಾರುಕಟ್ಟೆಯ ಮಾತಾಡಿರಲಿಲ್ಲ. ಈಗಿನವರು ಶೋಧಕ್ಕೆ ಮುಂಚೆಯೇ ಮಾರುಕಟ್ಟೆಯ ಲೆಕ್ಕ ಒಪ್ಪಿಸಬೇಕಾಗಿದೆ.

ಇನ್ನು ಆನ್‌ಕೋಟ್ಸ್. ಜಗತ್ತಿನ ಮೊದಲ ಕೈಗಾರಿಕಾ ಬಡಾವಣೆ ಎಂದು ಹೆಸರಾದ ಜಾಗ. 1798ರಲ್ಲಿ ಮರೇ ಸಹೋದರರು ಕಟ್ಟಿಸಿದ ಉಗಿಗಿರಣಿ ಕಾಲುವೆಯ ದಂಡೆಯಲ್ಲಿ ಎಂಟು ಅಂತಸ್ತಿನ ಇಟ್ಟಿಗೆಯ ಗೋಡೆಯಾಗಿ ಈಗಲೂ ನಿಂತಿದೆ. ಒಳಗೆ ಅಪಾರ್ಟ್‌ಮೆಂಟುಗಳು. ಎರಕದ ಕಂಬಗಳನ್ನು ಹಾಗೇ ಉಳಿಸಿ ಬಣ್ಣ ಬಳಿದು, ಅದನ್ನೇ ತೋರಿಸಿ ಬೆಲೆ ಏರಿಸಿದ್ದಾರೆ. ಕೆಳಗೆ ಹುಳಿಹಿಟ್ಟಿನ ಬ್ರೆಡ್ಡು, ಕಾಫಿ, ಲ್ಯಾಪ್‌ಟಾಪ್ ತೆರೆದು ಕೂತ ಹುಡುಗರು. ಅಂದು ನೆಲಮಾಳಿಗೆಯಲ್ಲಿ ಸಂಸಾರಗಳು ತುಂಬಿ ತುಳುಕುತ್ತಿದ್ದ ಬೀದಿಯಲ್ಲಿ ಇಂದು ಒಂದು ಕೋಣೆಯ ಬಾಡಿಗೆ ಕೊಡಲಾಗದೆ ಹಳೆಯ ಮನೆತನಗಳು ಹೊರಗೆ ಸರಿದಿವೆ. ಹಳೆಯದನ್ನು ಹೊಸತಾಗಿಸುವ ಈ ಊರಿನ ಜಾಣ್ಮೆ ಇಟ್ಟಿಗೆಗೆ ಒದಗಿದಷ್ಟು ಜನಕ್ಕೆ ಒದಗಿಲ್ಲ. ಇತ್ತೀಚೆಗೆ ವಸ್ತುಸಂಗ್ರಹಾಲಯವೂ ತನ್ನ ವಿಮಾನ ವಿಭಾಗವನ್ನು ಖಾಯಂ ಮುಚ್ಚಿತು, ಅದು ನಡೆಯುತ್ತಿದ್ದ ಹಳೆಯ ಮಾರುಕಟ್ಟೆ ಕಟ್ಟಡ ಹೊಸ ಉದ್ಯಮಗಳ ಪಾಲಾಗಿದೆ. ಹೊಸತೆಲ್ಲ ಚೆನ್ನಾಗಿದೆ ಎಂದೇನಲ್ಲ: 2006ರಲ್ಲಿ ಎದ್ದ 169 ಮೀಟರಿನ ಬೀಥಮ್ ಗೋಪುರದ ನೆತ್ತಿಯ ಗಾಜಿನ ಪಟ್ಟಿ ಜೋರು ಗಾಳಿಗೆ ಗುಂಯ್‌ಗುಡುತ್ತದೆ, ಊರಿನ ಅರ್ಧ ಜನಕ್ಕೆ ನಿದ್ದೆ ಕೆಡುತ್ತದೆ, ಎಷ್ಟು ರಿಪೇರಿ ಮಾಡಿದರೂ ಜಗ್ಗಿಲ್ಲ.

ನಮ್ಮಲ್ಲಿ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಸಿಕೊಂಡ ದಾವಣಗೆರೆಯಿದೆ. ಆ ಬಿರುದು ತಂದ ಹತ್ತಿ ಮಿಲ್ಲುಗಳು ಮುಚ್ಚಿ ಬಹಳ ಕಾಲವಾಯಿತು. ಇವತ್ತು ಊರಿನ ಹೆಸರು ಹೇಳಿದರೆ ಜನಕ್ಕೆ ಬೆಣ್ಣೆದೋಸೆ ನೆನಪಾಗುತ್ತದೆ, ದೋಸೆಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಬೆಂಗಳೂರಿನ ಬಿನ್ನಿ ಮಿಲ್ಲಿನ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಕರೆಂಟು ಹರಿದಿತ್ತು. ಅದನ್ನು ಹೇಳುವುದಕ್ಕೆ ಅಲ್ಲೊಂದು ಓಡುವ ಯಂತ್ರ ಬೇಕಿತ್ತು. ಮಿಲ್ಲಿನಲ್ಲಿ ಪಾಳಿ ಮಾಡಿದವರು, ಮಗ್ಗ ರಿಪೇರಿ ಮಾಡಿದ ಫಿಟ್ಟರುಗಳು ಇನ್ನೂ ನಮ್ಮ ನಡುವೆ ಇದ್ದಾರೆ. ಯಂತ್ರ ಗುಜರಿಗೆ ಹೋದರೆ ಹೇಗೋ ಪ್ರತಿರೂಪ ಕಟ್ಟಬಹುದು, ಬೇಬಿಯನ್ನು ಕಟ್ಟಿಲ್ಲವೇ. ಅದನ್ನು ನಡೆಸುವುದು ಹೇಗೆಂದು ಹೇಳಿಕೊಡುವವರು ಬೇಕು. ದಾವಣಗೆರೆ, ಹುಬ್ಬಳ್ಳಿ, ಗೋಕಾಕದ ಕಾಲೇಜುಗಳು ಇವರ ಮಾತನ್ನು ಈಗಲೇ ದಾಖಲಿಸಿಕೊಂಡರೆ ಒಳ್ಳೆಯದು.

ಮ್ಯಾಂಚೆಸ್ಟರಿಗೆ ಹೋಗುವವರಿಗೆ ಒಂದು ಸಲಹೆ. ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಉಚಿತ, ಆದರೆ ಮಗ್ಗ ಮತ್ತು ಬೇಬಿ ಓಡುವ ಹೊತ್ತು ದಿನದಿಂದ ದಿನಕ್ಕೆ ಬೇರೆ, ಬಾಗಿಲಲ್ಲೇ ವಿಚಾರಿಸಿ. ಜೋಡ್ರೆಲ್ ಬ್ಯಾಂಕಿಗೆ ಟಿಕೆಟ್ಟಿದೆ, ಅದಕ್ಕೆ ಪ್ರತ್ಯೇಕ ದಿನವೇ ಇಟ್ಟುಕೊಳ್ಳಿ. ಮಳೆ ಯಾವಾಗ ಬೇಕಾದರೂ ಬರುತ್ತದೆ, ಕೊಡೆ ಗಾಳಿಗೆ ನಿಲ್ಲುವುದಿಲ್ಲ, ಟೋಪಿಯಿರುವ ರೇನ್‌ಕೋಟು ಒಯ್ಯಿರಿ.